ಮನೆ ಹಿಂದಿನ ಹಳೇ ಹಲಸು ಕಡಿಸಬೇಕಾ? ಮಳೆ ಹಿಡಿಯೋಕೆ ಮುಂಚೆ ತೀರ್ಮಾನ ಮಾಡಬೇಕು

ಮಾದಾಪುರದವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸೋಮವಾರಪೇಟೆ ತಾಲ್ಲೂಕು, ಮಾದಾಪುರದ ಹತ್ತಿರ. ಮನೆ ಹಿಂದೆ, ಅಡುಗೆಮನೆಗೆ ಹತ್ತಿರದಲ್ಲೇ ಒಂದು ಹಳೇ ಹಲಸಿನ ಮರ ಇದೆ. ಮಾವನವರ ಅಪ್ಪ ನೆಟ್ಟಿದ್ದಂತೆ. ಇಬ್ಬರು ಕೈ ಸೇರಿಸಿದರೆ ಬುಡ ತಬ್ಬಬಹುದು, ಅಷ್ಟು ದಪ್ಪ. ಎದೆಮಟ್ಟದಲ್ಲಿ ಒಂದು ಪೊಟರೆ, ಕೈ ಹಾಕಿದರೆ ಮೊಣಕೈ ತನಕ ಒಳಗೆ ಹೋಗುತ್ತೆ. ಮರ ಮನೆ ಕಡೆಗೇ ವಾಲಿದೆ, ಎರಡು ಕೊಂಬೆ ಹೆಂಚಿನ ಮೇಲೇ ಚಾಚಿವೆ.

ನಮ್ಮನೆಯವರು ಮಳೆಗೆ ಮುಂಚೆ ಕಡಿಸಿಬಿಡೋಣ ಅಂತಾರೆ. ಅತ್ತೆ ಸುತರಾಂ ಒಪ್ತಿಲ್ಲ. ಮರದ ವ್ಯಾಪಾರದವರೊಬ್ಬರು ಬಂದು ನೋಡಿ, "ಪೊಟರೆ ಬಿದ್ದ ಮರ ಇವತ್ತಲ್ಲ ನಾಳೆ ಬೀಳೋದೇ" ಅಂದು ರೇಟು ಹೇಳಿ ಹೋದರು. 2018ರ ಆಗಸ್ಟಿನಲ್ಲಿ ಹಟ್ಟಿಹೊಳೆ ಕಡೆ ಗುಡ್ಡ ಜಾರಿದ್ದನ್ನ ಕಂಡವರು ನಾವು. ಅವತ್ತಿಂದ ಜೋರು ಗಾಳಿ ಮಳೆಯ ರಾತ್ರಿ ನಾನು ಮಕ್ಕಳನ್ನ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮಲಗಿಸಲ್ಲ.

ಇನ್ನೊಂದು ವಿಷಯ. ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಮೇಲೆ ಎರಡು ಸಿಲ್ವರ್ ಓಕ್ ಇವೆ, ಮೆಣಸು ಹಬ್ಬಿಸಿದ್ದೀವಿ. ಅವು ನೆಟ್ಟಗೆ ನಿಂತಿವೆ, ಏನೂ ತೊಂದರೆ ಇಲ್ಲ. ಎರಡು ವರ್ಷದ ಹಿಂದೆ ಕಾಫಿ ಕಣ ಅಗಲ ಮಾಡೋಕೆ ಜೆಸಿಬಿ ತಂದು ಬರೆ ಸ್ವಲ್ಪ ತೆಗೆಸಿದ್ವಿ. ಹಲಸಿನ ಕಡೆಗೆ ಜೆಸಿಬಿ ಬಂದಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ, ಕಡಿಸೋದಾ, ಉಳಿಸೋದಾ?

ಸುಂಟಿಕೊಪ್ಪ ಬೆಳೆಗಾರ:

ಅಕ್ಕಾ, ಆತುರ ಬೇಡ. ನಾನು ತೋಟದಲ್ಲಿ ವರ್ಷಾ ವರ್ಷ ಮರ ಕಪಾತು ಮಾಡಿಸೋನು, ಅಂದರೆ ಕೊಂಬೆ ಸವರಿಸೋನು. ಎಲ್ಲೇ ಮರ ಬಿದ್ದಿರಲಿ, ಹೋಗಿ ಬುಡ ನೋಡದೆ ಬರಲ್ಲ. ಯಾಕೆ ಬಿತ್ತು ಅನ್ನೋದು ಬೇರಿನಲ್ಲೇ ಇರುತ್ತೆ. ನೀವು ಬರೆದದ್ದು ಓದಿದಾಗ ನನಗೆ ಹಲಸಿಗಿಂತ ಹೆಚ್ಚು ಚಿಂತೆ ಆದದ್ದು ಸಿಲ್ವರ್ ಓಕಿನದು.

ಮೊದಲು ಹಲಸಿನ ವಿಷಯ. ಮರದ ಜೀವ ಇರೋದು ತೊಗಟೆ ಕೆಳಗಿನ ತೆಳು ಪದರದಲ್ಲಿ. ನಡುವಿನ ಕೇಚು ಸತ್ತ ಮರ, ಅದು ಕರಗಿ ಹೋದರೂ ಸುತ್ತಲ ಗೋಡೆ ಗಟ್ಟಿ ಇದ್ದರೆ ಕಬ್ಬಿಣದ ಪೈಪಿನ ಹಾಗೆ ಮರ ನಿಲ್ಲುತ್ತೆ. ಬುಡದ ಅರ್ಧ ಅಡ್ಡಳತೆಯಲ್ಲಿ ಮೂರನೇ ಒಂದು ಭಾಗದಷ್ಟಾದರೂ ಗಟ್ಟಿ ಗೋಡೆ ಇರಬೇಕು ಅನ್ನೋದು ಒಂದು ಅಂದಾಜು ಲೆಕ್ಕ. ನೀವು ಹೇಳೋ ದಪ್ಪ ನೋಡಿದರೆ ಮರ ಮೂರು ಅಡಿ ಅಡ್ಡಳತೆ ಇರಬಹುದು. ಹಾಗಾದರೆ ಸುತ್ತಲೂ ಆರು ಇಂಚು ಗಟ್ಟಿ ಮರ ಸಿಗಬೇಕು. ಪೊಟರೆಯ ಬಾಯಿ ತುಂಬಾ ಅಗಲ ಇದ್ದರೆ, ಅಥವಾ ಅದರಿಂದ ಮೇಲಕ್ಕೋ ಕೆಳಕ್ಕೋ ಸೀಳು ಹೋಗಿದ್ದರೆ ಈ ಲೆಕ್ಕ ನಂಬಬೇಡಿ. ಒಂದು ಮರದ ಕೊಡತಿ ತಗೊಂಡು ಬುಡದ ಸುತ್ತ ಬಡಿಯುತ್ತಾ ಬನ್ನಿ. ಗಟ್ಟಿ ಇರೋ ಕಡೆ ಸದ್ದು ಬಿಗಿಯಾಗಿ ಬರುತ್ತೆ, ಟೊಳ್ಳಿರೋ ಕಡೆ ಡೊಳ್ಳು ಸದ್ದು. ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಳ್ಳಿ, ಟೊಳ್ಳು ಎಲ್ಲಿಂದ ಎಲ್ಲಿವರೆಗೆ ಅಂತ ತಿಳಿಯುತ್ತೆ. ಪೊಟರೆಗೆ ಸಿಮೆಂಟು ತುಂಬಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಒಳಗೆ ನೀರು ನಿಂತು ಕೊಳೆಯೋದು ಜಾಸ್ತಿ ಆಗುತ್ತೆ.

ವಾಲಿದ್ದರಲ್ಲೂ ಎರಡು ಥರ ಇದೆ. ಎಳೇದರಲ್ಲೇ ವಾಲಿದ ಮರ ಮೇಲಕ್ಕೆ ಹೋಗ್ತಾ ಬಿಲ್ಲಿನಂತೆ ಬಾಗಿ ನೆಟ್ಟಗಾಗಿರುತ್ತೆ, ವಾಲಿದ್ದಕ್ಕೆ ತಕ್ಕಂತೆ ಬೇರು ಮರ ಎರಡೂ ಬಲ ಕಟ್ಟಿಕೊಂಡಿರುತ್ತೆ. ಬುಡದಿಂದ ತುದಿವರೆಗೆ ಒಂದೇ ಗೆರೆಯಲ್ಲಿ ವಾಲಿದ್ದು, ವಾಲಿದ ಕಡೆಗೆ ಎದುರು ಬದಿಯಲ್ಲಿ ಮಣ್ಣು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಅದು ಹೊಸದಾಗಿ ವಾಲ್ತಾ ಇರೋ ಮರ. ಅದಕ್ಕೆ ಒಂದು ಮಳೆಗಾಲವೂ ಕಾಯಬಾರದು.

ಈಗ ಸಿಲ್ವರ್ ಓಕ್. ಮರದ ಬೇರು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತೆ, ಕೊಂಬೆ ಚಾಚಿದ್ದಕ್ಕಿಂತ ದೂರಕ್ಕೂ ಹೋಗಿರುತ್ತೆ. ಬುಡದ ಅಡ್ಡಳತೆಯ ಮೂರು ಪಟ್ಟಿಗಿಂತ ಹತ್ತಿರಕ್ಕೆ ಮಣ್ಣು ತೆಗೆದರೆ ಮರವನ್ನ ಹಿಡಿದು ನಿಲ್ಲಿಸೋ ಬೇರುಗಳೇ ತುಂಡಾಗ್ತವೆ. ಎಲೆಯಲ್ಲಿ ತಕ್ಷಣ ಏನೂ ಕಾಣಲ್ಲ. ತುಂಡಾದ ತುದಿಯಿಂದ ಕೊಳೆತ ಒಳಗೆ ಸಾಗೋಕೆ ಕೆಲವು ವರ್ಷ ಹಿಡಿಯುತ್ತೆ, ಅಷ್ಟರಲ್ಲಿ ಜೆಸಿಬಿ ಬಂದದ್ದೇ ನಮಗೆ ಮರೆತಿರುತ್ತೆ. ಸಾಲದ್ದಕ್ಕೆ ಮೆಣಸಿನ ಬಳ್ಳಿ ಬುಡವನ್ನ ಮುಚ್ಚಿರುತ್ತೆ. ಬಳ್ಳಿ ಪಕ್ಕಕ್ಕೆ ಸರಿಸಿ, ದರಗು ಕೆದಕಿ ಬುಡದ ಸುತ್ತ ನೋಡಿ. ಅಣಬೆ ಇದೆಯಾ, ಮೇಲ್ಬದಿಯ ಮಣ್ಣಲ್ಲಿ ಬಿರುಕಿದೆಯಾ, ಬರೆಯ ಅಂಚಿಂದ ಬುಡ ಎಷ್ಟು ಅಡಿ, ಮರದ ಎತ್ತರದಷ್ಟು ದೂರದೊಳಗೆ ಏನೇನಿದೆ. ನೋಡಿ ಇಲ್ಲೇ ಬರೆಯಿರಿ.

ಗೋಣಿಕೊಪ್ಪ:

ಮರದ ಸ್ಥಿತಿಯ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಕಾಗದಪತ್ರದ ಬಗ್ಗೆ ಹೇಳುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಬೇಡದ ಕೆಲವು ಜಾತಿಗಳ ಪಟ್ಟಿಯೂ ಇದೆ. ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರ್ ಅದರಲ್ಲಿವೆ. ಒಣಗಿದ, ರೋಗ ಹತ್ತಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸಬಾರದು ಎಂದೂ ಕಾಯ್ದೆಯಲ್ಲೇ ಇದೆ. ಹಾಗಾಗಿ ಅರ್ಜಿಯಲ್ಲಿ "ಮರ ಕಡಿಯಬೇಕು" ಎಂದಷ್ಟೇ ಬರೆಯದೆ ಮನೆಗೆ ಎಷ್ಟು ಅಡಿ, ಬುಡದಲ್ಲಿ ಏನು ಕಂಡಿತು ಎಂದು ಬರೆದು ಫೋಟೋ ಲಗತ್ತಿಸಿ.

ಪಹಣಿ ಒಮ್ಮೆ ತೆಗೆದು ನೋಡಿ. ನಮ್ಮ ಜಿಲ್ಲೆಯಲ್ಲಿ ಜಮ್ಮಾ ಬಾಣೆ ಜಾಗ (ಹಿಂದೆ ಗದ್ದೆಯ ಜೊತೆಗೆ ಬಿಟ್ಟುಕೊಟ್ಟ ಕಾಡು ಜಾಗ) ರಿಡೀಮ್ ಆಗದೆ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೆ ಇದ್ದರೆ, ಜಾಗ ನಿಮ್ಮ ಸ್ವಾಧೀನದಲ್ಲಿದ್ದರೂ ಮರದ ಹಕ್ಕಿನ ಪ್ರಶ್ನೆ ಬರುತ್ತದೆ. ಬೀಟೆ, ಶ್ರೀಗಂಧ ಇದ್ದರಂತೂ ಕೇಳದೆ ಒಂದು ಕೊಂಬೆಯನ್ನೂ ಮುಟ್ಟಬೇಡಿ. ಸಿಲ್ವರ್ ಓಕ್ ಆದರೂ ಲಾರಿಗೆ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮರ ಕೊಳ್ಳಲು ಬಂದವರ ಬಾಯಿಂದ ಮರ ಬೀಳುತ್ತದೋ ಇಲ್ಲವೋ ಎಂಬ ತೀರ್ಪು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ಮರದ ರೋಗ ಗೊತ್ತಿರುವ ಅಧ್ಯಾಪಕರು ಇರುತ್ತಾರೆ. ಫೋಟೋ ತೋರಿಸಿ ಕೇಳಬಹುದು.

ಮಾದಾಪುರದವಳು:

ಅಣ್ಣಾ, ನಾನೂ ನಮ್ಮನೆಯವರೂ ಬೆಳಿಗ್ಗೆ ಎಲ್ಲ ನೋಡಿದ್ವಿ.

ಹಲಸಿನ ಸುತ್ತ ಕೊಡತಿಯಲ್ಲಿ ಬಡಿದ್ವಿ. ಪೊಟರೆಯ ಎಡಕ್ಕೂ ಬಲಕ್ಕೂ ಒಂದೊಂದು ಗೇಣು ಟೊಳ್ಳು ಸದ್ದು, ಉಳಿದ ಕಡೆ ಎಲ್ಲ ಗಟ್ಟಿ. ಬಾಯಿ ಸಣ್ಣದು, ಅಂಚು ದಪ್ಪಗೆ ಸುರುಳಿ ಕಟ್ಟಿದೆ. ಸೀಳಿಲ್ಲ. ಬುಡದಲ್ಲಿ ಅಣಬೆ ಇಲ್ಲ, ಮಣ್ಣು ಬಿಗಿಯಾಗಿದೆ. ನೀವು ಹೇಳಿದ ಹಾಗೇ ಮೇಲೆ ಬಾಗಿ ನೆಟ್ಟಗಾಗಿದೆ. ಉಗುರಲ್ಲಿ ತೊಗಟೆ ಕೆರೆದರೆ ಹಾಲು ಸುರಿಯಿತು.

ಸಿಲ್ವರ್ ಓಕ್ ಒಂದು ಚೆನ್ನಾಗಿದೆ, ಅದು ಹಿಂದಕ್ಕಿದೆ. ಬರೆಯ ಅಂಚಿನದು ಬುಡದಿಂದ ಎರಡೇ ಅಡಿಗೆ ಜೆಸಿಬಿ ತೆಗೆದಿದೆ. ಬಳ್ಳಿ ಸರಿಸಿದರೆ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ, ತಟ್ಟೆ ತಟ್ಟೆಯಾಗಿ ಒಂದರ ಮೇಲೊಂದು, ಅಂಚು ಬಿಳಿ. ಕೆಳಗಿಂದ ನೋಡಿದರೆ ಬರೆಯಲ್ಲಿ ತುಂಡಾದ ಬೇರಿನ ತುದಿಗಳು ಕಾಣ್ತವೆ. ನಮ್ಮನೆಯವರು ಒಂದಕ್ಕೆ ಕತ್ತಿ ಮೊನೆ ಒತ್ತಿದರು, ಒದ್ದೆ ನಾರು ನಾರಾಗಿ ಕೈಗೇ ಬಂತು. ಮೇಲ್ಬದಿಯ ಮಣ್ಣಲ್ಲಿ ಬೆರಳು ತೂರುವಷ್ಟು ಬಿರುಕು, ಎರಡು ಮಾರು ಉದ್ದ. ಮರ ಕಡಿಮೆ ಅಂದರೂ 60 ಅಡಿ ಇದೆ, ಮನೆ 40 ಅಡಿಯೊಳಗೆ. ಕರೆಂಟು ಲೈನೂ ಅದೇ ದಿಕ್ಕಲ್ಲಿದೆ. ಇಷ್ಟು ದಿನ ಅದರ ಕೆಳಗೇ ಕಾಫಿ ಹರಡ್ತಿದ್ವಿ.

ಸುಂಟಿಕೊಪ್ಪ ಬೆಳೆಗಾರ:

ಅಕ್ಕಾ, ಆ ಸಿಲ್ವರ್ ಓಕನ್ನ ಈ ವಾರವೇ ತೆಗೆಸಿ. ಅಣಬೆ, ಕೊಳೆತ ಬೇರು, ಮೇಲ್ಬದಿಯ ಬಿರುಕು, ಕೆಳಗೆ ಮನೆ. ಇಷ್ಟು ಒಟ್ಟಿಗೆ ಇರುವಾಗ ಯೋಚನೆ ಮಾಡೋಕೆ ಏನೂ ಉಳಿದಿಲ್ಲ. ಅಲ್ಲಿವರೆಗೆ ಕಣದಲ್ಲಿ ಮಕ್ಕಳನ್ನ ಬಿಡಬೇಡಿ. ಬುಡ ಕೊಳೆತ ಮರಕ್ಕೆ ಆಳು ಹತ್ತಿಸೋದು ಅಪಾಯ, ಕೆಲಸ ಗೊತ್ತಿರೋ ಮೇಸ್ತ್ರಿಗೆ ಬುಡವನ್ನ ತೋರಿಸಿಯೇ ಮಾತಾಡಿ. ಮೇಲಿಂದ ಹಗ್ಗ ಹಾಕಿ, ಬರೆಯ ಮೇಲ್ಬದಿಗೆ ಎಳೆದು ಬೀಳಿಸೋಕೆ ಆಗುತ್ತಾ ಅಂತ ಅವರು ನೋಡಲಿ. ಕರೆಂಟು ಕಂಪನಿ ಸೆಸ್ಕ್‌ನವರಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. ಗಾಳಿ ಇರೋ ದಿನ ಬೇಡ, ಮಳೆ ಬಂದ ಮಾರನೇ ದಿನವೂ ಬೇಡ.

ಕಡಿದ ಮೇಲೆ ಬೊಡ್ಡೆ ಕೀಳಿಸಬೇಡಿ. ಉಳಿದ ಬೇರು ಇನ್ನೊಂದೆರಡು ವರ್ಷ ಬರೆಯ ಮಣ್ಣು ಹಿಡಿದಿರುತ್ತೆ, ಆಮೇಲೆ ಅದೂ ಕೊಳೆಯುತ್ತೆ. ಅಷ್ಟರೊಳಗೆ ಅಲ್ಲಿ ಬೇರೆ ಬೇರು ಇಳಿದಿರಬೇಕು. ಲಾವಂಚ ಒತ್ತಾಗಿ ಸಾಲಲ್ಲಿ ಹಾಕಿ, ಹಿಂದಕ್ಕೆ ಸ್ವಲ್ಪ ದೂರದಲ್ಲಿ ಯಾವುದಾದರೂ ಕಾಡುಜಾತಿ ಸಸಿ ನೆಡಿ. ಬರೆಯ ಮೇಲಿನ ನೀರು ಅಂಚಿಗೆ ಬರದ ಹಾಗೆ ಒಂದು ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಿ. ಆ ಬಿರುಕಿಗೆ ನೀರು ಇಳಿಯೋಕೆ ಬಿಡಲೇಬಾರದು, ಇವತ್ತೇ ಮಣ್ಣು ತುಂಬಿ ಟಾರ್ಪಾಲು ಮುಚ್ಚಿ.

ಹಲಸನ್ನ ಉಳಿಸಿ. ಹೆಂಚಿನ ಮೇಲಿನ ಎರಡು ಕೊಂಬೆ ಮಾತ್ರ ತೆಗೆಸಿ, ಅದಕ್ಕೂ ಇಲಾಖೆಯಲ್ಲಿ ಒಂದು ಮಾತು ಕೇಳಿ. ಮೊದಲು ಕೊಂಬೆಯ ಕೆಳಗಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿಂದ ಕೊಯ್ಯಬೇಕು, ಇಲ್ಲದಿದ್ದರೆ ಮುರಿದು ತೊಗಟೆ ಬುಡದವರೆಗೂ ಸುಲಿಯುತ್ತೆ. ಕೊಂಬೆ ಹುಟ್ಟೋ ಕಡೆ ಒಂದು ಉಬ್ಬು ಬಳೆ ಇರುತ್ತಲ್ಲ, ಅದನ್ನ ಬಿಟ್ಟು ಕೊಯ್ಯಲಿ. ಗಾಯ ಮಾಯೋದು ಅಲ್ಲಿಂದಲೇ. ತಲೆ ಬೋಳಿಸೋಕೆ ಮಾತ್ರ ಬಿಡಬೇಡಿ. ಬೋಳಿಸಿದ ಮೇಲೆ ಬರೋ ಚಿಗುರಿಗೆ ಹಿಡಿತ ಇರಲ್ಲ, ನಾಲ್ಕೈದು ವರ್ಷಕ್ಕೆ ಅವೇ ಮುರಿದು ಹೆಂಚಿನ ಮೇಲೆ ಬೀಳ್ತವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಕೊಡತಿ ತಗೊಂಡು ಸುತ್ತ ಒಮ್ಮೆ ಬಡಿದು ನೋಡ್ತಾ ಇರಿ.

ಸಿದ್ದಾಪುರ ಕಡೆಯವ:

ಹಲಸು ಉಳಿಸ್ತೀರ ಅಂತ ಓದಿ ಒಂದು ಮಾತು. ನಿಮ್ಮಲ್ಲಿ ಆನೆ ಓಡಾಟ ಇದೆಯಾ? ನಮ್ಮ ಕಡೆ ಹಣ್ಣಿನ ವಾಸನೆಗೆ ರಾತ್ರಿ ಅಂಗಳಕ್ಕೇ ಬರ್ತವೆ, ಆ ಭಯಕ್ಕೇ ಎಷ್ಟೋ ಮನೆಯವರು ಹಲಸು ಕಡಿಸಿದ್ದಾರೆ. ಕಡಿಸಬೇಕಾಗಿಲ್ಲ. ಕಾಯಿ ಎಳೇದಿರುವಾಗಲೇ ಇಳಿಸಿಬಿಡಿ, ಮರದಲ್ಲಿ ಹಣ್ಣಾಗೋಕೆ ಬಿಡಬೇಡಿ. ಬಿದ್ದ ಹಣ್ಣನ್ನ ಮನೆ ಹತ್ತಿರ ಗುಂಡಿಗೆ ಹಾಕೋದೂ ಬೇಡ.

ಮಾದಾಪುರದವಳು:

ಆನೆ ನಮ್ಮಲ್ಲೂ ಬರ್ತವೆ ಅಣ್ಣಾ, ಈ ಸಲ ಎಳೆಗಾಯಿ ಎಲ್ಲ ಇಳಿಸ್ತೀವಿ.

ಸಿಲ್ವರ್ ಓಕ್ ತೆಗೆಯೋಕೆ ಮೇಸ್ತ್ರಿ ಒಪ್ಪಿದ್ದಾರೆ, ಲೈನಿಗೂ ಹೇಳಿ ಆಯ್ತು. ಬಿರುಕಿಗೆ ಟಾರ್ಪಾಲು ಹಾಕಿದ್ದೀವಿ. ಅತ್ತೆಗೆ ಸಿಲ್ವರ್ ಓಕಿನ ಬೇರು ತೋರಿಸಿದೆ, ಬೇಗ ಕಡಿಸು ಅಂತ ಅವರೇ ಈಗ ಅವಸರ ಮಾಡ್ತಿದ್ದಾರೆ. ಹಲಸಿನ ಕೊಂಬೆ ವಿಷಯಕ್ಕೆ ಸೋಮವಾರ ಅರಣ್ಯ ಕಚೇರಿಗೆ ಹೋಗಿ ಬರ್ತೀನಿ, ಪಹಣಿಯನ್ನೂ ತಗೊಂಡು ಹೋಗ್ತೀನಿ.

ಲಾವಂಚದ ಸಸಿ ಸೋಮವಾರಪೇಟೆ, ಕುಶಾಲನಗರ ಕಡೆ ಎಲ್ಲಿ ಸಿಗುತ್ತೆ? ಸುಮಾರು 30 ಅಡಿ ಬರೆಗೆ ಬೇಕು. ಜೂನ್ ಮೊದಲ ಮಳೆಗೆ ನೆಡಬೇಕು ಅಂತಿದ್ದೀವಿ, ಗೊತ್ತಿರೋರು ತಿಳಿಸಿ.