ಫೀಡರ್ ಇಟ್ಟು ಮೂರು ವಾರ ಆಯ್ತು, ಜಿಂಕೆ ಮಾತ್ರ ಬಂದಿಲ್ಲ: ಟೆಕ್ಸಸ್ ಕನ್ನಡಿಗರ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರಿಂದ: ಹಿಲ್ ಕಂಟ್ರಿ (ಟೆಕ್ಸಸ್ ನಡುವಿನ ಗುಡ್ಡಗಾಡು) ಕಡೆ ಜಾಗ ತಗೊಂಡವರು ಗುಂಪಿನಲ್ಲಿ ಹೆಚ್ಚಾಗಿದ್ದಾರೆ, ಜಿಂಕೆ ಫೀಡರ್ (ಜಿಂಕೆಗೆ ಮೇವು ಹಾಕುವ ಡಬ್ಬ) ಬಗ್ಗೆ ದಿನಕ್ಕೊಂದು ಪ್ರಶ್ನೆ ಬರ್ತಿದೆ. ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿ, ಈಗ ಕೆರ್‌ವಿಲ್ ಸುತ್ತಮುತ್ತಲ ರ‍್ಯಾಂಚುಗಳಿಗೆ ವನ್ಯಜೀವಿ ಸಲಹೆ ಕೊಡುತ್ತಿರುವ ನಮ್ಮ ಸದಸ್ಯರೊಬ್ಬರು ಈ ವಾರಾಂತ್ಯ ಉತ್ತರಿಸಲು ಒಪ್ಪಿದ್ದಾರೆ. ಕೆಳಗೆ ಕೇಳಿ.

ಪ್ರಶ್ನೆ (ಲಾನೋ ಹತ್ತಿರ 12 ಎಕರೆ): ಸರ್, ಬೇಟೆಗೀಟೆ ಏನಿಲ್ಲ, ನಾವು ಸಸ್ಯಾಹಾರಿಗಳು. ಮಕ್ಕಳು ವರಾಂಡದಲ್ಲಿ ಕೂತು ಜಿಂಕೆ ನೋಡಲಿ ಅಂತ ಮೂರು ಕಾಲಿನ ಸ್ಪಿನ್ ಫೀಡರ್ (ಟೈಮರ್ ಹೊತ್ತಿಗೆ ಮೋಟಾರು ತಟ್ಟೆ ತಿರುಗಿಸಿ ಕಾಳು ಎಸೆಯುವಂಥದ್ದು) ತಂದು, ಮೆಕ್ಕೆಜೋಳ ತುಂಬಿ, ಮನೆ ಮುಂದಿನ ಬಯಲಿನಲ್ಲಿ ನಿಲ್ಲಿಸಿದೆ. ಮೂರು ವಾರ ಆಯ್ತು. ಕ್ಯಾಮೆರಾದಲ್ಲಿ ರಕೂನ್ (ರಾತ್ರಿ ತಿರುಗುವ ಚಿಕ್ಕ ಪ್ರಾಣಿ) ಮತ್ತು ಹಂದಿ ಬಿಟ್ಟರೆ ಬೇರೇನಿಲ್ಲ. ಫೀಡರ್ ಕಂಪನಿ ಬದಲಾಯಿಸಲಾ?

ಉತ್ತರ: ಬದಲಾಯಿಸಬೇಡಿ, ದುಡ್ಡು ಉಳಿಸಿ. ತಪ್ಪಿರುವುದು ಜಾಗ. ನಡುಬಯಲಿಗೆ ಹಗಲು ಹೊತ್ತು ಬರಲು ಜಿಂಕೆ ಹೆದರುತ್ತದೆ. ಒಂದೇ ನೆಗೆತಕ್ಕೆ ಮರೆಯಾಗುವಂತೆ ಪೊದೆಯೋ ಜೂನಿಪರ್ ಗುಂಪೋ ಹತ್ತಿರದಲ್ಲಿರಬೇಕು. ಹಾಗಂತ ಪೊದೆಗೆ ಅಂಟಿಸಿಯೂ ಇಡಬಾರದು, ಸುತ್ತ ಏನು ಬರುತ್ತಿದೆ ಅಂತ ಅದಕ್ಕೆ ಕಾಣಬೇಕು. ಮೊದಲು ಒಂದು ಬೆಳಿಗ್ಗೆ ಜಾಗವನ್ನೆಲ್ಲ ನಡೆದು ನೋಡಿ: ಬೇಲಿ ಕೆಳಗೆ ನುಸುಳಿದ ಗುರುತು, ಹಿಕ್ಕೆ, ಸವೆದ ಕಾಲುದಾರಿ. ಅವು ಈಗಾಗಲೇ ಓಡಾಡುವ ದಾರಿಯ ಪಕ್ಕಕ್ಕೆ ಫೀಡರ್ ಒಯ್ಯಿರಿ. ನಿಮ್ಮ ಫೀಡರ್ ನೋಡಿ ಜಿಂಕೆ ದಾರಿ ಬದಲಿಸಲಿ ಅಂತ ಕಾದರೆ ವರ್ಷ ಕಳೆಯುತ್ತದೆ.

ಇನ್ನೊಂದು ವಿಷಯ. ಬಿಳಿಬಾಲದ ಜಿಂಕೆ ಸುತ್ತಾಡುವ ಜಾಗ ನೂರಾರು ಎಕರೆ. ನಿಮ್ಮ 12 ಎಕರೆ ಅದಕ್ಕೆ ದಾರಿಯಲ್ಲಿ ಸಿಗುವ ಟೀ ಅಂಗಡಿ ಇದ್ದಂತೆ. ಫೀಡರ್ ಇಟ್ಟರೆ ಊರಿನ ಜಿಂಕೆ ಹೆಚ್ಚುವುದಿಲ್ಲ, ಆ ಕಡೆ ಹೋಗುವವು ಈ ಕಡೆ ನಿಲ್ಲುತ್ತವೆ, ಅಷ್ಟೇ.

ಹಂದಿಗೆ ಮದ್ದು ಹಾಗ್ ಪ್ಯಾನೆಲ್. ಸುಮಾರು 34 ಇಂಚು ಎತ್ತರದ, 16 ಅಡಿ ಉದ್ದದ ತಂತಿ ಜಾಲರಿ ಫೀಡ್ ಅಂಗಡಿಯಲ್ಲೇ ಸಿಗುತ್ತದೆ. ಜಿಂಕೆಗೆ ಆ ಎತ್ತರ ಲೆಕ್ಕಕ್ಕಿಲ್ಲ, ಹಂದಿಗೆ ಹಾರಲಾಗುವುದಿಲ್ಲ. ಎಲ್ಲರೂ ಮಾಡುವ ತಪ್ಪೆಂದರೆ ನಾಲ್ಕೈದು ಪ್ಯಾನೆಲ್ ತಂದು ಫೀಡರ್‌ಗೆ ಸೀರೆ ಸುತ್ತಿದ ಹಾಗೆ ಸುತ್ತುವುದು. ಜೋಳ ಹೊರಗೆ ಸಿಡಿಯುತ್ತದೆ, ಹಂದಿಗೆ ಹಬ್ಬ. ಇಕ್ಕಟ್ಟಿನ ಒಳಕ್ಕೆ ಜಿಂಕೆಯೂ ಹಾರುವುದಿಲ್ಲ. ಹತ್ತು ಪ್ಯಾನೆಲ್ ಹಾಕಿದರೆ ಸುತ್ತಳತೆ 160 ಅಡಿ, ನಡುವಿನಿಂದ ಬೇಲಿಗೆ ಸುಮಾರು 25 ಅಡಿ. ಅದಕ್ಕಿಂತ ಕಡಿಮೆ ಬೇಡ. ರಕೂನ್ ಕಾಲು ಹತ್ತಿ ಬಂದು ಕೈಯಿಂದಲೇ ತಟ್ಟೆ ತಿರುಗಿಸಿ ಜೋಳ ಉದುರಿಸಿಕೊಳ್ಳುತ್ತದೆ (ಅದರ ಬುದ್ಧಿಗೆ ನಾನಂತೂ ಕೈ ಮುಗಿದಿದ್ದೇನೆ). ತಟ್ಟೆಗೂ ಮೋಟಾರಿಗೂ ಸೇರಿಸಿ ತಂತಿಯ ಪಂಜರ ಹಾಕಿ.

ಅದೇ ಸದಸ್ಯರು: ಟೈಮರ್ ಎಷ್ಟು ಸೆಕೆಂಡಿಗೆ ಇಡಲಿ? ಅಂಗಡಿಯವ ಹತ್ತು ಅಂದ.

ಉತ್ತರ: ಜೋಳ ಮಾರುವವನು ಹತ್ತು ಅನ್ನದೆ ಇನ್ನೇನಂದಾನು! ಪ್ರತಿ ಮೋಟಾರೂ ಬೇರೆ ಬೇರೆ. ಫೀಡರ್ ಕೆಳಗೆ ದೊಡ್ಡ ಟಾರ್ಪಾಲು ಹಾಸಿ, ಐದು ಸೆಕೆಂಡು ಓಡಿಸಿ, ಬಿದ್ದದ್ದನ್ನು ಗುಡಿಸಿ ತೂಗಿ. ಎಷ್ಟು ಬೀಳುತ್ತದೆ ಅಂತ ಗೊತ್ತಾದರೆ ಒಂದು ಬ್ಯಾರಲ್ ಎಷ್ಟು ದಿನ ಬರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ದಿನಕ್ಕೆ ಎರಡು ಸಲ ಸಾಕು: ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೊಮ್ಮೆ, ಮುಳುಗುವ ಗಂಟೆ ಮುಂಚೆ ಒಮ್ಮೆ. ಒಂದು ಹೊತ್ತಿಗೆ ಹಾಕಿದ್ದು ಆ ಹೊತ್ತಿಗೇ ಮುಗಿಯಬೇಕು. ಉಳಿದದ್ದು ರಾತ್ರಿ ರಕೂನಿನ ಪಾಲು. ನವೆಂಬರ್ ಮತ್ತು ಮಾರ್ಚ್‌ನಲ್ಲಿ ನಮ್ಮ ಗಡಿಯಾರ ಬದಲಾದರೂ ಜಿಂಕೆಯದು ಬದಲಾಗುವುದಿಲ್ಲ, ಟೈಮರ್ ಸರಿ ಮಾಡಲು ಮರೆಯಬೇಡಿ.

ಪ್ರಶ್ನೆ (ಫ್ರೆಡರಿಕ್ಸ್‌ಬರ್ಗ್): ಜೋಳ ಬೇಡ, ಪ್ರೋಟೀನ್ ಫೀಡರ್ ತಗೋ ಅಂತ ಪಕ್ಕದ ರ‍್ಯಾಂಚಿನವರು ಹೇಳ್ತಾರೆ. ಮೂರು ಪಟ್ಟು ಖರ್ಚು. ನಿಜವಾಗಿ ಬೇಕಾ?

ಉತ್ತರ: ಯಾಕೆ ಹಾಕುತ್ತೀರಿ ಅನ್ನುವುದರ ಮೇಲೆ. ಜೋಳ ಜಿಂಕೆಗೆ ಮಂಡಕ್ಕಿ ಗಿರಮಿಟ್ ಇದ್ದಹಾಗೆ, ವಾಸನೆಗೆ ಓಡಿ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ, ಮೈಗೆ ಹತ್ತುವುದು ಕಡಿಮೆ. ಅದರಲ್ಲಿ ಪ್ರೋಟೀನ್ 7-8 ಶೇಕಡಾ ಅಷ್ಟೇ. ಕೊಂಬು ಬೆಳೆಸುವ ಗಂಡಿಗೆ, ಹಾಲೂಡುವ ಹೆಣ್ಣಿಗೆ ಸುಮಾರು 16 ಶೇಕಡಾ ಬೇಕು. ಅದಕ್ಕೇ 16ರಿಂದ 20 ಶೇಕಡಾದ ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು) ಮಾರುವುದು. ಅದನ್ನು ಎಸೆಯುವ ಫೀಡರಿನಲ್ಲಿ ಹಾಕಬಾರದು. ಕೊಳವೆಗಳಿಂದ ತಾನಾಗಿ ಇಳಿದು ಬರುವ, ಜಿಂಕೆ ಬಾಯಿ ಹಾಕಿ ತಿನ್ನುವ ಫೀಡರ್ ಬೇಕು, ಮಳೆ ನೀರು ಒಳಗೆ ಹೋಗದಂತೆ ಕೊಳವೆ ಮೇಲೆ ಸೂರು ಇರಬೇಕು. ಒದ್ದೆಯಾದ ಪೆಲೆಟ್ ರಾಗಿ ಮುದ್ದೆಯಂತೆ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಬರೀ ನೋಡುವ ಆಸೆಯಾದರೆ ಪ್ರೋಟೀನ್ ಬೇಡವೇ ಬೇಡ.

ನಡುವಿನ ದಾರಿ ಒಂದಿದೆ. ಉತ್ತರ ಕರ್ನಾಟಕದವರು ನಗಬೇಡಿ, ಹತ್ತಿಕಾಳು! ಎಮ್ಮೆಗೆ ಹಾಕುತ್ತೇವಲ್ಲ, ಅದೇ. ತಂತಿ ಜಾಲರಿಯನ್ನು ಉರುಳೆಯಂತೆ ಸುತ್ತಿ ನಿಲ್ಲಿಸಿ ಒಳಗೆ ತುಂಬಿದರೆ, ಅರಳೆ ಅಂಟಿದ ಕಾಳನ್ನು ಜಿಂಕೆ ಒಂದೊಂದಾಗಿ ಎಳೆದು ತಿನ್ನುತ್ತದೆ. ಪ್ರೋಟೀನೂ ಎಣ್ಣೆಯೂ ಚೆನ್ನಾಗಿದೆ, ಹಂದಿ ರಕೂನ್‌ಗಳಿಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ರುಚಿ ಹತ್ತಲು ಜಿಂಕೆಗೂ ಕೆಲವು ವಾರ ಬೇಕು.

ಏನೇ ಹಾಕಿ, ದಿಢೀರನೆ ಹಾಕಬೇಡಿ. ಊರಲ್ಲಿ ಮದುವೆ ಮನೆಯ ಹಿಂದೆ ಸುರಿದ ಅನ್ನ ತಿಂದು ದನ ಹೊಟ್ಟೆ ಉಬ್ಬಿ ಬಿದ್ದದ್ದನ್ನು ಕಂಡವರಿಗೆ ಹೇಳಬೇಕಿಲ್ಲ. ಜಿಂಕೆಯೂ ಮೆಲುಕು ಹಾಕುವ ಪ್ರಾಣಿ. ಸೊಪ್ಪು ಸದೆ ಅರಗಿಸುವ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಆಮ್ಲ ಏರಿ ಸಾಯಬಹುದು. ಉತ್ತರದ ಹಿಮದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಕರುಣೆಯಿಂದ ಸುರಿದ ಜೋಳ ತಿಂದೇ, ಹೊಟ್ಟೆ ತುಂಬಿದ ಜಿಂಕೆಗಳು ಸತ್ತದ್ದುಂಟು.

ಪ್ರಶ್ನೆ (ಸ್ಯಾನ್ ಆಂಟೋನಿಯೋ): ಕಳೆದ ಬೇಸಿಗೆಯ ಎರಡು ಚೀಲ ಜೋಳ ಗ್ಯಾರೇಜಲ್ಲಿ ಇದೆ, ಸ್ವಲ್ಪ ಮಾತ್ರ ಬೂಷ್ಟು. ಕಾಡುಪ್ರಾಣಿಗೆ ನಡೆಯುತ್ತಲ್ವಾ?

ಉತ್ತರ: ಖಂಡಿತ ಇಲ್ಲ. ನಮ್ಮಲ್ಲಿ ಕಡಲೆಕಾಯಿಗೆ ಹಿಡಿಯುವ ಬೂಷ್ಟೇ ಜೋಳಕ್ಕೂ ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಪೆಟ್ಟು ಬೀಳುವುದು ಯಕೃತ್ತಿಗೆ. ಜಿಂಕೆಗಿಂತ ಹೆಚ್ಚಾಗಿ ಸಾಯುವುದು ಫೀಡರ್ ಕೆಳಗೆ ಹೆಕ್ಕುವ ಟರ್ಕಿ, ಕ್ವೇಲ್ ಮತ್ತಿತರ ಹಕ್ಕಿಗಳು. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಹಾಗಾಗಿ ವಿಷ 20 ಪಿಪಿಬಿ (ನೂರು ಕೋಟಿ ಭಾಗದಲ್ಲಿ 20 ಭಾಗ) ಮೀರಿಲ್ಲ ಅಂತ ಅಚ್ಚು ಹಾಕಿದ ಚೀಲವನ್ನೇ ತಗೊಳ್ಳಿ. ಆ ಎರಡು ಚೀಲವನ್ನು ಕಸಕ್ಕೆ ಹಾಕಿ, ಹಿತ್ತಿಲಿಗೆ ಚೆಲ್ಲಬೇಡಿ.

ಪ್ರಶ್ನೆ (ಆಸ್ಟಿನ್ ಹೊರವಲಯ): ನಮ್ಮ ಹಿತ್ತಿಲಿಗೆ ತಾಯಿ ಜಿಂಕೆ, ಎರಡು ಮರಿ ದಿನಾ ಬರ್ತಾವೆ. ಉಳಿದ ಅನ್ನ, ಚಪಾತಿ, ಬಾಳೆಹಣ್ಣಿನ ಸಿಪ್ಪೆ ಇಡ್ತೀನಿ. ನಮ್ಮತ್ತೆ ಗೋಗ್ರಾಸ ಇಟ್ಟಷ್ಟೇ ಪುಣ್ಯ ಅಂತಾರೆ. ಚಿಕ್ಕ ಫೀಡರ್ ಇಡಬಹುದಾ?

ಉತ್ತರ: ಅಕ್ಕಾ, ಅತ್ತೆಯವರ ಮನಸ್ಸು ದೊಡ್ಡದು, ಆದರೆ ಇದನ್ನು ಇವತ್ತೇ ನಿಲ್ಲಿಸಿ. ಅನ್ನ ಚಪಾತಿಯ ಕಥೆ ಮೇಲೆ ಹೇಳಿದೆ. ಎಷ್ಟೋ ಊರುಗಳಲ್ಲಿ ನಗರದ ನಿಯಮ ಅಥವಾ ಬಡಾವಣೆ ಸಂಘದ ನಿಯಮವೇ ಜಿಂಕೆಗೆ ತಿನ್ನಿಸುವುದನ್ನು ತಡೆಯುತ್ತದೆ, ನಿಮ್ಮಲ್ಲಿ ಹೇಗಿದೆ ವಿಚಾರಿಸಿ. ನಿಮ್ಮ ಹಿತ್ತಿಲಿಗೆ ಬರಲು ಅವು ರಸ್ತೆ ದಾಟಬೇಕು. ಮುಸ್ಸಂಜೆ, ಕಾರುಗಳು ಮನೆಗೆ ಮರಳುವ ಹೊತ್ತು.

ಅದಕ್ಕಿಂತ ದೊಡ್ಡ ಭಯ ಸಿಡಬ್ಲ್ಯೂಡಿ, ಅಂದರೆ ಜಿಂಕೆ ಒಣಗಿ ಒಣಗಿ ಸಾಯುವ ಮಿದುಳಿನ ರೋಗ. 1967ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಸಂಶೋಧನೆಗೆ ಸಾಕಿದ ಮ್ಯೂಲ್ ಜಿಂಕೆಗಳಲ್ಲಿ ಮೊದಲು ಕಂಡದ್ದು. ಟೆಕ್ಸಸ್‌ನಲ್ಲಿ 2012ರಲ್ಲಿ ಪಶ್ಚಿಮದ ಹ್ಯೂಕೋ ಬೆಟ್ಟಗಳಲ್ಲಿ ಸಿಕ್ಕಿತು. 2015ರಲ್ಲಿ ಮೆಡೀನಾ ಕೌಂಟಿಯ ಒಂದು ತಳಿ ಕೇಂದ್ರದ ಬಿಳಿಬಾಲದ ಜಿಂಕೆಯಲ್ಲೂ. ಮದ್ದಿಲ್ಲ, ಲಸಿಕೆ ಇಲ್ಲ. ಬ್ಯಾಕ್ಟೀರಿಯಾ ವೈರಸ್ ಅಲ್ಲ, ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್. ಜೊಲ್ಲು, ಮೂತ್ರ, ಹಿಕ್ಕೆಯಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹತ್ತು ಜಿಂಕೆ ಒಂದೇ ತಟ್ಟೆಗೆ ಮೂತಿ ಹಾಕುವುದೇ ಅದಕ್ಕೆ ಬೇಕಾದದ್ದು. ಇದೇ ಕಾರಣಕ್ಕೆ ಹಲವು ರಾಜ್ಯಗಳು ಫೀಡರನ್ನೇ ನಿಷೇಧಿಸಿವೆ. ಟೆಕ್ಸಸ್‌ನಲ್ಲಿ ಖಾಸಗಿ ಜಾಗದಲ್ಲಿ ಅವಕಾಶ ಇದೆ ಅಂದ ಮಾತ್ರಕ್ಕೆ ಪಕ್ಕದ ರಾಜ್ಯದಲ್ಲಿರುವ ನಿಮ್ಮ ತಮ್ಮನಿಗೂ ಸಲಹೆ ಕೊಡಬೇಡಿ. ನಿಮಗೆ ಜಿಂಕೆ ತಪ್ಪಿಹೋಗುವ ಚಿಂತೆ ಬೇಡ. ನಿಮ್ಮ ಗುಲಾಬಿ ತಿನ್ನಲು ಅವು ಹೇಗೂ ಬಂದೇ ಬರುತ್ತವೆ.

ಪ್ರಶ್ನೆ (ಕೆರ್ ಕೌಂಟಿ, 40 ಎಕರೆ): ಸರ್, ಕ್ಯಾಮೆರಾದಲ್ಲಿ ನಮ್ಮ ಬಂಡೀಪುರದ ಚುಕ್ಕೆ ಜಿಂಕೆ! ಮೈಸೂರಿಗೆ ಹೋದಷ್ಟು ಖುಷಿ ಆಯ್ತು. ಅವಕ್ಕೆ ಮಾತ್ರ ತಿನ್ನಿಸುವ ಉಪಾಯ ಇದೆಯಾ?

ಉತ್ತರ: ಮೊದಲ ಸಲ ಇಲ್ಲಿ ಚುಕ್ಕೆ ಜಿಂಕೆಯ ಕೂಗು ಕೇಳಿದಾಗ ನಾನೂ ಕಾರು ನಿಲ್ಲಿಸಿ ಇಳಿದಿದ್ದೆ. ಇಲ್ಲಿ ಆಕ್ಸಿಸ್ ಅನ್ನುತ್ತಾರೆ, 1932ರಲ್ಲಿ ತಂದು ಬಿಟ್ಟದ್ದು. ಕೃಷ್ಣಮೃಗವೂ ಹೀಗೇ ಬಂದಿದೆ, ರಾಣೆಬೆನ್ನೂರಿನವರಿಗೆ ಇನ್ನೊಂದು ಖುಷಿ.

ಆದರೆ ಉಪಾಯ ಕೇಳಬೇಡಿ, ನಾನು ಹೇಳುವುದಿಲ್ಲ. ಬಂಡೀಪುರದಲ್ಲಿ ಹುಲಿ, ಚಿರತೆ, ಕೆನ್ನಾಯಿ ಇವೆ. ಇಲ್ಲಿ ಅದಕ್ಕೆ ಹೇಳಿಕೊಳ್ಳುವ ವೈರಿಯಿಲ್ಲ, ವರ್ಷದ ಯಾವ ತಿಂಗಳಾದರೂ ಮರಿ ಹಾಕುತ್ತದೆ. ಸೊಪ್ಪು ಮುಗಿದರೆ ಬಿಳಿಬಾಲದ ಜಿಂಕೆ ಸೊರಗುತ್ತದೆ, ನಮ್ಮದು ಹುಲ್ಲು ಮೇಯ್ದು ಬದುಕುತ್ತದೆ. ನಿಮ್ಮ ಕೌಂಟಿಯಲ್ಲೇ ಇರುವ ಕೆರ್ ವನ್ಯಜೀವಿ ಕ್ಷೇತ್ರದಲ್ಲಿ 1971ರಲ್ಲಿ 96 ಎಕರೆ ಬೇಲಿಯೊಳಗೆ ಆರು ಬಿಳಿಬಾಲದ ಜಿಂಕೆ, ಆರು ಜಪಾನಿನ ಸಿಕಾ ಜಿಂಕೆ ಬಿಟ್ಟರು. ಎಂಟು ವರ್ಷದಲ್ಲಿ ಸಿಕಾ ಹತ್ತು ಪಟ್ಟಾಯಿತು, ಬಿಳಿಬಾಲದ್ದು ಒಂದೂ ಉಳಿಯಲಿಲ್ಲ. ಹುಲ್ಲಿಗೂ ಹೊಂದಿಕೊಳ್ಳುವುದರಲ್ಲಿ ಆಕ್ಸಿಸ್ ಸಿಕಾದಂತೆಯೇ. ಫೀಡರ್ ಹತ್ತಿರವೂ ದೊಡ್ಡ ಮೈಯವೇ ಮೊದಲು ತಿನ್ನುತ್ತವೆ. ಕಾನೂನಿನಲ್ಲಿ ಇದು ಹೊರದೇಶದ ಪ್ರಾಣಿ, ಬೇಟೆಗೆ ಋತುವಿನ ಕಟ್ಟಿಲ್ಲ, ಬೇಟೆ ಪರವಾನಗಿ ಮಾತ್ರ ಬೇಕು. ನಿಮ್ಮ ಅಕ್ಕಪಕ್ಕದವರು ಹೊಡೆದರೆ ಬೇಜಾರಾಗಬೇಡಿ. ಊರಿನ ನೆನಪು ಬೇರೆ, ಇಲ್ಲಿನ ನೆಲದ ಲೆಕ್ಕ ಬೇರೆ.

ಪ್ರಶ್ನೆ (ಬ್ಲಾಂಕೋ): ಫೀಡರ್ ಇಟ್ಟರೆ ಆಸ್ತಿ ತೆರಿಗೆ ಇಳಿಯುತ್ತದೆ ಅಂತ ಬ್ರೋಕರ್ ಹೇಳಿದ್ದ.

ಉತ್ತರ: ಅರ್ಧ ಸತ್ಯ. ವನ್ಯಜೀವಿ ನಿರ್ವಹಣೆಗೆ ಕೃಷಿ ಜಮೀನಿನ ತೆರಿಗೆಯನ್ನೇ ಮುಂದುವರಿಸುವ ಅವಕಾಶವಿದೆ, ಆದರೆ ಆ ಜಾಗಕ್ಕೆ ಹಿಂದಿನ ವರ್ಷ ಕೃಷಿ ಮೌಲ್ಯಮಾಪನ ಇದ್ದಿರಬೇಕು. ಆವಾಸ, ಮಣ್ಣು ಸವಕಳಿ ತಡೆ, ಬೇಟೆಯಾಡುವ ಪ್ರಾಣಿಗಳ ನಿಯಂತ್ರಣ, ನೀರು, ಆಹಾರ, ಆಸರೆ, ಗಣತಿ ಎಂಬ ಏಳರಲ್ಲಿ ಕನಿಷ್ಠ ಮೂರು ಮಾಡಬೇಕು. ಕಣ್ಣೆದುರು ಬರಲಿ ಅಂತ ಎಸೆಯುವ ಜೋಳ ಆಹಾರದ ಲೆಕ್ಕಕ್ಕೆ ಬರುವುದಿಲ್ಲ. ಕೌಂಟಿಯ ಮೌಲ್ಯಮಾಪನ ಕಚೇರಿಗೇ ಹೋಗಿ ಕೇಳಿ.

ಪ್ರಶ್ನೆ (ಡಲ್ಲಾಸ್): ಮೂಡಿಗೆರೆಯಲ್ಲಿ ನಮ್ಮ ಎಸ್ಟೇಟಿನ ಹೋಮ್‌ಸ್ಟೇ ಇದೆ. ಇಲ್ಲಿಂದ ಒಂದು ಫೀಡರ್ ಒಯ್ದು ಇಟ್ಟರೆ ಗೆಸ್ಟುಗಳು ಜಿಂಕೆ ನೋಡಬಹುದಲ್ವಾ?

ಉತ್ತರ: ಆ ಸೂಟ್‌ಕೇಸಿನಲ್ಲಿ ಬೇರೇನಾದರೂ ಒಯ್ಯಿರಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೇ ಆಮಿಷ ಒಡ್ಡುವುದೂ ಸೇರಿದೆ. ನೋಡಲು ಮಾತ್ರ ಇಟ್ಟೆ ಅಂತ ಅರಣ್ಯ ಇಲಾಖೆ ಮುಂದೆ ವಾದ ಮಾಡುವ ಪರಿಸ್ಥಿತಿ ಯಾಕೆ? ಜಿಂಕೆ, ಕಾಡುಹಂದಿ ಸೇರಿದ ಕಡೆ ಚಿರತೆಯೂ ಬರುತ್ತದೆ, ಬೆಳಿಗ್ಗೆ ಆರಕ್ಕೆ ಅದೇ ತೋಟಕ್ಕೆ ಆಳುಗಳು ಬರುತ್ತಾರೆ. ಜೋಳದ ವಾಸನೆ ಆನೆಗೆ ತಲುಪಿದರೆ ಫೀಡರ್ ಜೊತೆ ಕಾಫಿ ಗಿಡವೂ ಉಳಿಯುವುದಿಲ್ಲ.

ಲಾನೋದ ಸದಸ್ಯರು, ಹದಿನೈದು ದಿನದ ನಂತರ: ಸರ್, ಓಕ್ ಗುಂಪಿನ ಪಕ್ಕಕ್ಕೆ ಫೀಡರ್ ಒಯ್ದೆ, ಹತ್ತು ಪ್ಯಾನೆಲ್ ಹಾಕಿದೆ. ಹಂದಿ ನಿಂತಿದೆ. ಒಂದು ಹೆಣ್ಣು ಜಿಂಕೆ ಮೂರು ದಿನದಿಂದ ಬೇಲಿ ಹೊರಗೆ ನಿಂತು ಬರೀ ನೋಡಿ ಹೋಗುತ್ತದೆ. ಒಂದು ಪ್ಯಾನೆಲ್ ತೆಗೆದುಬಿಡಲಾ?

ಉತ್ತರ: ತೆಗೆಯಬೇಡಿ, ಹಂದಿ ಆ ಬಾಗಿಲಿಗೇ ಕಾಯ್ದಿದೆ. ಒಂದು ಹಾರಿದರೆ ಉಳಿದವು ಕಲಿಯುತ್ತವೆ. ಜೂನ್ ಜುಲೈಯಲ್ಲಿ ಮರಿಗಳಿಗೆ ಹಾರಲು ಆಗುವುದಿಲ್ಲ, ಆಗ ತಾಯಿ ಒಳಗೆ, ಮರಿ ಹೊರಗೆ ನಿಂತಿರುವುದನ್ನು ಕಂಡು ಗಾಬರಿಯಾಗಬೇಡಿ. ಈ ಹೆಣ್ಣು ಜಿಂಕೆ ಹಾರುವವರೆಗೆ ಬೇಲಿ ಹೊರಗೆ ನೆರಳಿನಲ್ಲಿ ಒಂದು ನೀರಿನ ತೊಟ್ಟಿ ಇಡಿ, ವಾರಕ್ಕೊಮ್ಮೆ ತಿಕ್ಕಿ ತೊಳೆದು ತುಂಬಿಸಿ. ಬೇಸಿಗೆಯಲ್ಲಿ ಹಿಲ್ ಕಂಟ್ರಿಯ ಹಳ್ಳಗಳು ಬತ್ತಿದಾಗ ಜೋಳಕ್ಕೆ ಬಾರದ ಜಿಂಕೆ ನೀರಿಗೆ ಬರುತ್ತದೆ. ಮತ್ತೆ, ಕ್ಯಾಮೆರಾ ಕಾರ್ಡ್ ತೆಗೆಯಲು ದಿನಾ ಹೋಗುತ್ತಿದ್ದೀರಿ ಅಂತ ಫೋಟೋಗಳ ದಿನಾಂಕ ನೋಡಿದರೇ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಹೋಗಿ, ಮಧ್ಯಾಹ್ನ ಹೋಗಿ.