ಬುಕ್ ಮಾಡುವಾಗ ಇದೆ ಅಂದ ಫೀಚರ್ ಕಾರಲ್ಲಿ ಇಲ್ಲ, ಏನು ಮಾಡಬಹುದು?

ಕೇಳಿದವರು, ಹಾಸನ:
ಹೊಸ ಕಾರ್ ತಗೊಂಡು ಇನ್ನೂ ತಿಂಗಳಾಗಿಲ್ಲ. ಹಿಂದಿನ ಗಾಜಿಗೆ ವೈಪರ್, ಮುಂದೆ ಫಾಗ್ ಲ್ಯಾಂಪ್, ಏರಲ್ಲಿ ಹಿಂದಕ್ಕೆ ಜಾರದ ಹಾಗೆ ಹಿಲ್ ಹೋಲ್ಡ್, ಮೂರೂ ಇದೆ ಅಂತ ಶೋರೂಮಿನವರು ಹೇಳಿದ್ದರು. ಮನೆಗೆ ತಂದು ನೋಡಿದರೆ ಒಂದೂ ಇಲ್ಲ. ಕೇಳಿದರೆ "ಅದು ಟಾಪ್ ಮಾಡೆಲ್‌ಗೆ ಮಾತ್ರ ಸರ್, ಬೇಕಾದರೆ ಹೊರಗಡೆ ಹಾಕಿಸಿ ಕೊಡ್ತೀವಿ" ಅಂತಾರೆ. ಕೆಎ-13 ನಂಬರ್ ಕೂಡ ಬಂದಾಯ್ತು. ಹೀಗೆ ಆದವರು ಏನು ಮಾಡಿದಿರಿ, ಸ್ವಲ್ಪ ಹೇಳಿ.

ಚಿಕ್ಕಮಗಳೂರಿನಿಂದ:
ನಮಗೂ ಇದೇ ಆಯ್ತು, ಕಾರ್ ಬೇರೆ ಕಂಪನಿಯದು. ಆಟ ಶುರುವಾಗೋದೇ ಟೆಸ್ಟ್ ಡ್ರೈವ್‌ನಲ್ಲಿ. ಓಡಿಸೋಕೆ ಕೊಟ್ಟಿದ್ದು ಟಾಪ್ ಮಾಡೆಲ್, ನಾವು ಬುಕ್ ಮಾಡಿದ್ದು ನಡುವಿನದು. "ಇದೇ ಕಾರ್ ಸರ್, ಸನ್‌ರೂಫ್ ಒಂದಿಲ್ಲ ಅಷ್ಟೇ" ಅಂದರು. ಡೆಲಿವರಿ ದಿನ ಹಾರ, ಕೇಕ್, ಚಕ್ರದ ಕೆಳಗೆ ನಿಂಬೆಹಣ್ಣು, ಫೋಟೊ. ಆ ಗಲಾಟೆಯಲ್ಲಿ ಯಾರು ಬಟನ್ ಎಣಿಸುತ್ತಾರೆ ಹೇಳಿ? ಆಮೇಲೆ ನೋಡಿದರೆ ಸ್ಟಿಯರಿಂಗ್ ಪಕ್ಕ ಬಟನ್ ಇರಬೇಕಾದ ಜಾಗದಲ್ಲೆಲ್ಲ ಖಾಲಿ ಪ್ಲಾಸ್ಟಿಕ್ ಮುಚ್ಚಳ.

ಬೆಂಗಳೂರಿನಲ್ಲೇ ಓಡಾಡುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಮಳೆಗಾಲದಲ್ಲಿ ಒಂದು ಸಲ ಚಾರ್ಮಾಡಿ ಇಳಿದು ನೋಡಲಿ. ಹಿಂಭಾಗ ನೆಟ್ಟಗಿರುವ ಕಾರುಗಳಿಗೆ ಚಕ್ರದ ಕೆಸರೆಲ್ಲ ಹಿಂದಿನ ಗಾಜಿಗೇ ಬಂದು ಕೂರುತ್ತದೆ. ಕೊಟ್ಟಿಗೆಹಾರ ದಾಟೋದರೊಳಗೆ ಹಿಂದೆ ಏನು ಬರುತ್ತಿದೆ ಅಂತಲೇ ಕಾಣಲ್ಲ.

"ಹೊರಗಡೆ ಹಾಕಿಸಿ ಕೊಡ್ತೀವಿ" ಅನ್ನೋದಕ್ಕೆ ತಕ್ಷಣ ಹೂಂ ಅನ್ನಬೇಡಿ. ಫಾಗ್ ಲ್ಯಾಂಪ್ ಹಾಕಿಸಬಹುದು. ಆದರೆ ವೈರ್ ಕತ್ತರಿಸಿ ಜೋಡಿಸಿದರೆ ನಾಳೆ ಎಲೆಕ್ಟ್ರಿಕಲ್ ತೊಂದರೆ ಬಂದಾಗ ವಾರಂಟಿ ಇಲ್ಲ ಅಂತಾರೆ. ಕಂಪನಿಯದೇ ಪಾರ್ಟ್, ಬಿಲ್ ಸಮೇತ ಹಾಕಿಕೊಟ್ಟರೆ ಮಾತ್ರ ಒಪ್ಪಿ. ವೈಪರ್‌ಗೆ ಗಾಜಿನಲ್ಲಿ ತೂತು, ಡಿಕ್ಕಿ ಬಾಗಿಲೊಳಗೆ ಮೋಟರ್, ವೈರಿಂಗ್ ಎಲ್ಲ ಬೇಕು. ಹಿಲ್ ಹೋಲ್ಡ್ ಅಂತೂ ಬ್ರೇಕಿನ ಕಂಪ್ಯೂಟರ್ ಕೆಲಸ, ಅದನ್ನು ಹೊರಗಿಂದ ತಂದು ಅಂಟಿಸೋಕೆ ಆಗಲ್ಲ.

ನಾವು ಶೋರೂಮಿಗೆ ಅಲೆಯೋದು ಬಿಟ್ಟು ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿದೆವು, ಶೋರೂಮಿಗೂ ಅದರ ಕಾಪಿ. ಬುಕಿಂಗ್ ಫಾರಂ, ಇನ್‌ವಾಯ್ಸ್, ಸೇಲ್ಸ್‌ನವರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಫೀಚರ್ ಪಟ್ಟಿ, ಎಲ್ಲ ಲಗತ್ತಿಸಿದೆವು. ಅಲ್ಲಿಯವರೆಗೆ ಫೋನ್ ಎತ್ತದ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿದರು! ವೈಪರ್ ಏನೂ ಬರಲಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿಯ ದುಡ್ಡು ವಾಪಸ್ ಕೊಟ್ಟು, ವಾರಂಟಿಯನ್ನೂ ಹಾಗೇ ಉಳಿಸಿದರು. ನನಗೆ ಪೂರ್ತಿ ಸಮಾಧಾನ ಆಗಿಲ್ಲ ಅನ್ನಿ.

ಸಕಲೇಶಪುರದಿಂದ:
ನಾನು ಮೊದಲು ಶೋರೂಮಲ್ಲೇ ಕೆಲಸ ಮಾಡುತ್ತಿದ್ದವನು. ಎಲ್ಲರೂ ಬೇಕಂತಲೇ ಸುಳ್ಳು ಹೇಳಲ್ಲ. ಸೇಲ್ಸ್ ಹುಡುಗರಿಗೆ ತಿಂಗಳ ಕೊನೆಯ ಟಾರ್ಗೆಟ್ ಗೊತ್ತಿರುತ್ತದೆ, ಯಾವ ವೇರಿಯಂಟ್‌ನಲ್ಲಿ (ಒಂದೇ ಕಾರಿನ ಟಾಪ್, ನಡುವಿನದು ಅಂತಾರಲ್ಲ, ಅದು) ಏನಿದೆ ಅಂತ ಗೊತ್ತಿರಲ್ಲ. ಕಂಪನಿಯವರು ನಡುವೆ ಒಂದೆರಡು ಫೀಚರ್ ತೆಗೆದಿರುತ್ತಾರೆ, ಕೌಂಟರಿನಲ್ಲಿ ಹಳೇ ಬ್ರೋಷರ್ ಇರುತ್ತದೆ. ಅದರ ಕೊನೆ ಪುಟದಲ್ಲಿ ಸಣ್ಣಕ್ಷರದಲ್ಲಿ "ಮುನ್ಸೂಚನೆ ಇಲ್ಲದೆ ಬದಲಾಗಬಹುದು" ಅಂತ ಬರೆದಿರುತ್ತದೆ, ಆಮೇಲೆ ಅದನ್ನೇ ತೋರಿಸುತ್ತಾರೆ.

ಇನ್ನು ತಗೊಳ್ಳೋರು ಇದ್ದರೆ ಕೇಳಿ. ವೇರಿಯಂಟ್ ಹೆಸರಿನ ಕೊನೆಯ ಒಂದು ಅಕ್ಷರ, ಒಂದು ಪ್ಲಸ್ ಗುರುತು ಕೂಡ ನೋಡಿ. ಎಲ್ಲ ವ್ಯತ್ಯಾಸ ಇರೋದು ಅಲ್ಲೇ. ನಿಮ್ಮ ವೇರಿಯಂಟ್‌ನ ಪಟ್ಟಿ ಪ್ರಿಂಟ್ ಮಾಡಿಸಿ, ಶೋರೂಮಿನ ಸೀಲು, ಸಹಿ ಹಾಕಿಸಿ ಬುಕಿಂಗ್ ಫಾರಂ ಜೊತೆ ಇಟ್ಟುಕೊಳ್ಳಿ. ರಿಜಿಸ್ಟ್ರೇಷನ್‌ಗೆ ಕಳಿಸೋ ಮೊದಲೇ ಯಾರ್ಡ್‌ಗೆ ಹೋಗಿ ಕಾರ್ ನೋಡಿ, ಚಾಸಿಸ್ ನಂಬರ್ ಬರೆದುಕೊಳ್ಳಿ. ನಿಮ್ಮ ಹೆಸರಿಗೆ ನಂಬರ್ ಬಿದ್ದ ಮೇಲೆ ಲೆಕ್ಕಕ್ಕೆ ಅದು ಸೆಕೆಂಡ್ ಹ್ಯಾಂಡ್ ಗಾಡಿ, ಬದಲಾಯಿಸಿ ಕೊಡಿ ಅಂದರೆ ಯಾರೂ ಕೊಡಲ್ಲ.

ಅರಸೀಕೆರೆಯಿಂದ:
ಸುಮ್ನೆ ಬಿಡ್ರೀ, ಇಷ್ಟಕ್ಕೆಲ್ಲ ಕೋರ್ಟು ಕಚೇರಿ ಯಾರು ಅಲೆಯುತ್ತಾರೆ?

ಹಾಸನದಿಂದ ಇನ್ನೊಬ್ಬರು:
ಅಲೆದಾಟ ನೀವು ಅಂದುಕೊಂಡಷ್ಟು ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ಕೇಸು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರ್ ಮಂಗಳೂರಲ್ಲೋ ಬೆಂಗಳೂರಲ್ಲೋ ತಗೊಂಡಿದ್ದರೂ ಹಾಸನದಲ್ಲೇ ನಡೆಯುತ್ತದೆ. ಬೆಲೆ 5ರಿಂದ 10 ಲಕ್ಷ ಇದ್ದರೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಆದರೆ ಕಾರೇ ಬದಲಾಯಿಸಿ ಕೊಡಿ ಅಂತ ಪಟ್ಟು ಹಿಡಿಯಬೇಡಿ. ಕಾರಲ್ಲಿ ತಯಾರಿಕೆಯ ದೋಷ ಇಲ್ಲ, ನಿಮಗೆ ಸಿಕ್ಕಿದ್ದು ತಪ್ಪು ಮಾಹಿತಿ. ಎರಡು ವೇರಿಯಂಟ್‌ಗಳ ಬೆಲೆ ವ್ಯತ್ಯಾಸ ನೋಡಿಕೊಂಡು ಪರಿಹಾರ ಕೇಳಿದರೆ ವಾದ ಗಟ್ಟಿಯಾಗುತ್ತದೆ. ಬಾಯಿಮಾತು ಬಿಟ್ಟು ಬರಹದಲ್ಲಿ ಏನಿದೆ ನಿಮ್ಮ ಹತ್ತಿರ?

ಕೇಳಿದವರು:
ಥ್ಯಾಂಕ್ಸ್ ಎಲ್ಲರಿಗೂ. ಬುಕಿಂಗ್ ಫಾರಂನಲ್ಲಿ ವೇರಿಯಂಟ್ ಹೆಸರು ಬಿಟ್ಟು ಏನೂ ಇಲ್ಲ. ಆದರೆ ವಾಟ್ಸಾಪ್‌ನಲ್ಲಿ "ಹಿಲ್ ಹೋಲ್ಡ್ ಇದೆಯಾ" ಅಂತ ನನ್ನ ಹೆಂಡತಿ ಕೇಳಿದ್ದಾಳೆ, "ಎಸ್ ಮೇಡಂ, ಎಲ್ಲಾ ಇದೆ" ಅಂತ ಉತ್ತರ ಬಂದಿದೆ. ಇವತ್ತೇ ಇಮೇಲ್ ಹಾಕುತ್ತೇನೆ.

ಹಾಸನದಿಂದ:
ಅಷ್ಟು ಸಾಕು. ಆ ಚಾಟ್ ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ತೆಗೆದರೂ ಫೋನ್ ಮಾತ್ರ ಎಕ್ಸ್‌ಚೇಂಜ್‌ಗೆ ಕೊಡಬೇಡಿ.