ಪದ ಬೇಕು (ತುರ್ತು): ಡೇಟಾಬೇಸ್ ಸರ್ವರನ್ನು ಓಎಸ್ ಕಡೆಯಿಂದ ನೋಡಿಕೊಳ್ಳುವುದಕ್ಕೆ

ಎಲ್ಲರಿಗೂ ನಮಸ್ಕಾರ.

ಒಂದು ಸಹಕಾರ ಸಂಘದ ಸರ್ವರ್ ಕೋಣೆಯ ಗೋಡೆಗೆ ಕನ್ನಡದಲ್ಲಿ ಸೂಚನೆಯ ಹಾಳೆ ಮಾಡಿಕೊಡುತ್ತಿದ್ದೇನೆ. ಶುಕ್ರವಾರ ಪ್ರಿಂಟಿಗೆ ಹೋಗಬೇಕು. ಓದುವವರು ರಾತ್ರಿ ಪಾಳಿಯ ಹುಡುಗರು. ಅವರಿಗೆ ಡೇಟಾಬೇಸಿನ ಪಾಸ್‌ವರ್ಡ್ ಕೊಡುವುದಿಲ್ಲ, ಕೊಡಲೂಬಾರದು. ಹಾಗಾಗಿ ಅದರ ಒಳಗೆ ಹೋಗದೆ, ಆಪರೇಟಿಂಗ್ ಸಿಸ್ಟಮ್ (ಓಎಸ್) ತೋರಿಸುವ ಲೆಕ್ಕಗಳನ್ನು ನೋಡಿಯೇ ಡೇಟಾಬೇಸ್ ಸರಿಯಾಗಿದೆಯಾ ಇಲ್ಲವಾ ಅಂತ ಅವರು ಹೇಳಬೇಕು. ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದೆ, ಅದಕ್ಕೆ ಓಎಸ್ ತನ್ನ ಲೆಕ್ಕ ತೋರಿಸುವ /ಪ್ರಾಕ್ ಕಡತಗಳು. ವಿಂಡೋಸ್ ಮೇಲೆ ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ಇದೆ, ಅದಕ್ಕೆ ಡಬ್ಲ್ಯುಎಂಐ, ಅಂದರೆ ಯಂತ್ರದ ಸ್ಥಿತಿ ಕೇಳಿ ತಿಳಿಯಲು ವಿಂಡೋಸ್ ಕೊಡುವ ವ್ಯವಸ್ಥೆ.

ಈಗ ಗೋಡೆಯ ಮೇಲಿರುವ ಹಳೆಯ ಹಾಳೆಯ ತಲೆಬರಹ ಹೀಗಿದೆ: ‘ಕಾರ್ಯಾಚರಣ ವ್ಯವಸ್ಥೆಯ ನಿರ್ವಹಣಾ ಅಂತರಸಂಪರ್ಕದ ಮೂಲಕ ದತ್ತಸಂಚಯ ಪರಿಚಾರಕದ ಮೇಲ್ವಿಚಾರಣೆ’. ಇದನ್ನು ಓದಿ ಅರ್ಥ ಮಾಡಿಕೊಂಡವರು ಅಲ್ಲಿ ಒಬ್ಬರೂ ಇಲ್ಲ. ತಲೆಬರಹ ಹಾಗಿರಲಿ, ಒಳಗೆ ಇನ್ನೂ ದೊಡ್ಡ ತೊಂದರೆ ಇದೆ. ಲಿನಕ್ಸಿನ ‘ಮೆಮ್‌ಫ್ರೀ’, ‘ಮೆಮ್‌ಅವೈಲಬಲ್’ ಎರಡಕ್ಕೂ ‘ಲಭ್ಯ ಸ್ಮೃತಿ’ ಅಂತಲೇ ಬರೆದಿದ್ದಾರೆ. ಮೊದಲನೆಯದು ಯಾವಾಗಲೂ ಕಡಿಮೆ ಇರುತ್ತದೆ. ಅದನ್ನು ನೋಡಿ ಹುಡುಗರು ಮಧ್ಯರಾತ್ರಿ ಫೋನ್ ಮಾಡಿ ಎಬ್ಬಿಸುತ್ತಾರೆ. ತಪ್ಪು ಅವರದ್ದಲ್ಲ, ಹಾಳೆಯದ್ದು.

ಮಾನಿಟರ್ ಮಾಡುವುದಕ್ಕೆ, ಮ್ಯಾನೇಜ್‌ಮೆಂಟ್ ಇಂಟರ್‌ಫೇಸಿಗೆ (/ಪ್ರಾಕ್, ಡಬ್ಲ್ಯುಎಂಐ ಥರದ್ದಕ್ಕೆ), ಈ ಎರಡು ಮೆಮೊರಿಗಳಿಗೆ ಪದ ಕೊಡಿ. ಅದರ ಜೊತೆಗೆ ಪೋಸ್ಟ್‌ಗ್ರೆಸ್ ಸಂಪರ್ಕದ ಸ್ಥಿತಿ ಹೇಳುವ ‘ಐಡಲ್’ ಮತ್ತು ‘ಐಡಲ್ ಇನ್ ಟ್ರಾನ್ಸಾಕ್ಷನ್’ ಇವಕ್ಕೂ. ಅವೆರಡಕ್ಕೂ ‘ನಿಷ್ಕ್ರಿಯ’ ಅಂತಿದೆ.

— ಶಿವಮೊಗ್ಗ

ಮರು: ಪದ ಬೇಕು

ಕಣ್ಗಾವಲು. ಬೇರೆ ಹುಡುಕುವ ಅಗತ್ಯವೇ ಇಲ್ಲ.

‘ಕಾ’ ಎಂಬ ಬೇರಿನಿಂದ ಕಾಯು, ಕಾಪು, ಕಾವಲು ಎಲ್ಲ ಬಂದಿವೆ. ತಮಿಳಿನಲ್ಲೂ ಕಾವಲ್. ನಮ್ಮದೇ ಬೇರು, ನಮ್ಮದೇ ಸಂಧಿ, ಕಕಾರ ಗಕಾರವಾಗಿದೆ. ಮೇಲ್ವಿಚಾರಣೆ ಬೇಡವೇ ಬೇಡ. ವಿಚಾರಣೆ ಅಂದರೆ ಕೋರ್ಟು ನೆನಪಾಗುತ್ತದೆ. ಉಸ್ತುವಾರಿ ಅಂದರೆ ಜಿಲ್ಲಾ ಮಂತ್ರಿ. ಇಂಟರ್‌ಫೇಸಿಗೆ ‘ನಡುಮೊಗ’ ಅನ್ನಬಹುದು. ನಡು ಅಚ್ಚಗನ್ನಡ, ಮೊಗವೂ ನಮ್ಮಲ್ಲಿ ಹಳೆಯದು.

— ಧಾರವಾಡ

ಮರು: ಪದ ಬೇಕು

> ಕಣ್ಗಾವಲು. ಬೇರೆ ಹುಡುಕುವ ಅಗತ್ಯವೇ ಇಲ್ಲ.

ಇದೆ ಸರ್. ಕಣ್ಗಾವಲು ಅಂದರೆ ಇವತ್ತು ಜನ ಸಿಸಿಟಿವಿ ಅಂದುಕೊಳ್ಳುತ್ತಾರೆ, ಪೊಲೀಸರು ಅಂದುಕೊಳ್ಳುತ್ತಾರೆ. ಕಳ್ಳ ಬರುತ್ತಾನಾ ಅಂತ ನೋಡುವ ಕೆಲಸ ಅದು. ಇಲ್ಲಿ ಕಳ್ಳ ಇಲ್ಲ.

‘ನಿಗಾ’ ಹಾಕಿ. ಐಸಿಯುಗೆ ಪತ್ರಿಕೆಗಳೆಲ್ಲ ‘ತೀವ್ರ ನಿಗಾ ಘಟಕ’ ಅಂತಲೇ ಬರೆಯುತ್ತವೆ. ಅಲ್ಲಿ ಪರದೆಯ ಮೇಲಿನ ಅಂಕಿ ನೋಡುತ್ತಾ ಕೂರುತ್ತಾರೆ, ಏರುಪೇರಾದರೆ ಡಾಕ್ಟರನ್ನು ಕರೆಯುತ್ತಾರೆ. ರಾತ್ರಿ ಪಾಳಿಯ ಹುಡುಗರ ಕೆಲಸ ಅಕ್ಷರಶಃ ಅದೇ ಅಲ್ವಾ?

ನಡುಮೊಗ ಅಂದರೆ ನನಗಂತೂ ಏನೂ ಹೊಳೆಯಲಿಲ್ಲ.

— ಬೆಂಗಳೂರು

ಮರು: ಪದ ಬೇಕು

ನಿಗಾ ಪಾರ್ಸಿ. ನಿಗಾಹ್ ಅಂದರೆ ನೋಟ. ಕನ್ನಡದಲ್ಲಿ ನೋಟಕ್ಕೆ ಪದ ಇಲ್ಲದ ಹಾಗೆ ಅಲ್ಲಿಂದ ಕಡ ತರಬೇಕಾ? ಬಳಕೆಯಲ್ಲಿದೆ ಅನ್ನುವುದೇ ಅರ್ಹತೆಯಾದರೆ ‘ಮಾನಿಟರ್’ ಕೂಡ ಬಳಕೆಯಲ್ಲಿದೆ. ಹಾಗಾದರೆ ಈ ಚರ್ಚೆ ಯಾಕೆ ಬೇಕು?

— ಧಾರವಾಡ

ಮರು: ಪದ ಬೇಕು

ನಡುವೆ ಬಂದಿದ್ದಕ್ಕೆ ಬೇಸರಿಸಬೇಡಿ. ‘ದತ್ತ’ ಪದವನ್ನು ಸುಮ್ನೆ ಕಸಕ್ಕೆ ಎಸೆಯುತ್ತಿದ್ದೀರಿ. ಡೇಟಾ ಅನ್ನುವುದು ಲ್ಯಾಟಿನ್, ಅರ್ಥ ‘ಕೊಟ್ಟದ್ದು’. ಸಂಸ್ಕೃತದ ದತ್ತಕ್ಕೂ ಅದೇ ಅರ್ಥ, ಅದೇ ಮೂಲ. ಇಷ್ಟು ಸರಿಯಾಗಿ ಕೂರುವ ಪದ ಇನ್ನೊಂದಿಲ್ಲ. ಅಂದಹಾಗೆ ಯಾರೂ ‘ದತ್ತಗಾವಲು’ ಅಂತ ಮಾಡಬೇಡಿ, ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜನ ಕಾಲದಿಂದ ಬೇಡ ಎಂದಿರುವುದು.

— ಮೈಸೂರು

ಮರು: ಪದ ಬೇಕು

ಮೈಸೂರಿನ ಮೇಡಂ, ಮೂಲ ಸರಿ ಇದೆ. ಆದರೆ ಹುಡುಗರು ದತ್ತ ಅಂದರೆ ದತ್ತು ಅಂದುಕೊಳ್ಳುತ್ತಾರೆ. ಪಡಿತರ ಅಂಗಡಿಯ ಮುಂದೆ ನಿಂತ ಅಜ್ಜಿಯೂ ‘ಸರ್ವರ್ ಇಲ್ಲವಂತೆ’ ಅಂತಾರೆ. ಸರ್ವರ್, ಡೇಟಾಬೇಸ್ ಹಾಗೇ ಇರಲಿ.

ಧಾರವಾಡದ ಸರ್, ಪಾರ್ಸಿ ಬೇಡ ಅಂದರೆ ಜಮೀನು ಬಿಡಬೇಕು. ಅರಬಿ ಬೇಡ ಅಂದರೆ ಜಿಲ್ಲೆ, ದಾಖಲೆ, ತಹಶೀಲ್ದಾರ್ ಎಲ್ಲ ಬಿಡಬೇಕು. ಪಹಣಿ ಕೂಡ ಮರಾಠಿಯಿಂದ ಬಂದದ್ದು. ಪಾಹಣೆ ಅಂದರೆ ನೋಡುವುದು. ನೋಟಕ್ಕೇ ಕಡ ತಂದ ಪದ ಅದು. ಪಹಣಿ ಹೊರಗಿನದು ಅಂತ ಯಾವ ರೈತನಿಗೂ ಅನ್ನಿಸಿಲ್ಲ. ಈ ವಾದ ಇಲ್ಲಿಗೆ ಸಾಕು.

ಇನ್ನು ಕೆಲಸದ ಮಾತು. ಈ ಸರ್ವರ್‌ಗಳ ಜೊತೆಗೇ ನನ್ನ ದಿನ ಕಳೆಯುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೆಮ್‌ಫ್ರೀ ಅಂದರೆ ಯಾವುದಕ್ಕೂ ಬಳಸದೇ ಸುಮ್ಮನೆ ಬಿದ್ದಿರುವ ಮೆಮೊರಿ. ಲಿನಕ್ಸ್ ಅದನ್ನು ಬಿಡುವಾಗಿ ಇಡುವುದೇ ಇಲ್ಲ, ಡಿಸ್ಕಿನಿಂದ ಓದಿದ್ದನ್ನು ಅಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಪೋಸ್ಟ್‌ಗ್ರೆಸ್ ಅಂತೂ ಇದನ್ನು ನಂಬಿಕೊಂಡೇ ಕೆಲಸ ಮಾಡುತ್ತದೆ. ತನ್ನದೇ ಬಫರ್ (ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿ) ಇದ್ದರೂ ಉಳಿದದ್ದನ್ನು ಓಎಸ್‌ಗೆ ಬಿಡುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಡೇಟಾಬೇಸ್ ಯಂತ್ರದಲ್ಲಿ ಮೆಮ್‌ಫ್ರೀ ಕಡಿಮೆ ಇರುವುದೇ ಸಹಜ. ಮೆಮ್‌ಅವೈಲಬಲ್ ಬೇರೆ. ಹೊಸದಾಗಿ ಯಾರಾದರೂ ಕೇಳಿದರೆ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗಕ್ಕೆ) ಹೋಗದೆ ಎಷ್ಟು ಕೊಡಬಹುದು ಅನ್ನುವ ಅಂದಾಜು ಅದು. 2014ರ 3.14ನೇ ಕರ್ನೆಲ್‌ನಲ್ಲಿ (ಲಿನಕ್ಸಿನ ತಿರುಳು ಭಾಗದಲ್ಲಿ) ಸೇರಿಸಿದ್ದು. ಮೊದಲನೆಯದನ್ನು ನೋಡಿ ಜನ ತಪ್ಪು ಲೆಕ್ಕ ಹಾಕುತ್ತಿದ್ದರು, ಅದಕ್ಕೇ ಇದು ಬಂತು. ಅಂಥ ಜೋಡಿಯನ್ನು ಒಂದೇ ಪದದಲ್ಲಿ ಹೇಳಿದ್ದು ದೊಡ್ಡ ಅನ್ಯಾಯ. ‘ಖಾಲಿ ಮೆಮೊರಿ’, ‘ಕೇಳಿದರೆ ಸಿಗುವ ಮೆಮೊರಿ’ ಅಂತ ಬರೆಯಿರಿ. ಎರಡನೆಯದು ಉದ್ದವಾಯಿತು ಅಂತ ಯಾರೂ ಕತ್ತರಿಸಬೇಡಿ.

ಐಡಲ್ ಎರಡಕ್ಕೂ ಒಂದೇ ಪದ ಇಟ್ಟಿದ್ದು ಇದಕ್ಕಿಂತ ಕೆಟ್ಟದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಇರುತ್ತದೆ. ‘ಪಿಎಸ್’ ಎಂಬ ಆಜ್ಞೆ ಕೊಟ್ಟರೆ ಯಾವ ಬಳಕೆದಾರ, ಯಾವ ಡೇಟಾಬೇಸ್, ಏನು ಮಾಡುತ್ತಿದ್ದಾನೆ ಅಂತ ಸಾಲಿನಲ್ಲೇ ಕಾಣುತ್ತದೆ. ಪಾಸ್‌ವರ್ಡ್ ಬೇಕಿಲ್ಲ. ಬರೀ ಐಡಲ್ ಅಂದರೆ ಮಾಡಲು ಕೆಲಸ ಇಲ್ಲ, ಅಪಾಯವೂ ಇಲ್ಲ. ಐಡಲ್ ಇನ್ ಟ್ರಾನ್ಸಾಕ್ಷನ್ ಅಂದರೆ ವಹಿವಾಟು ಶುರು ಮಾಡಿ, ಮುಗಿಸದೆ ಕೂತಿದೆ. ಅದು ಲಾಕ್ ಹಿಡಿದುಕೊಂಡಿರಬಹುದು, ಅಂದರೆ ಬೇರೆಯವರ ಕೆಲಸವನ್ನು ತಡೆದಿರಬಹುದು. ಬಹಳ ಹೊತ್ತು ಹಾಗೇ ಇದ್ದರೆ ಹಳೆಯ ಸಾಲುಗಳನ್ನು ವ್ಯಾಕ್ಯೂಮ್ (ಪೋಸ್ಟ್‌ಗ್ರೆಸ್‌ನ ಗುಡಿಸುವ ಕೆಲಸ) ತೆಗೆಯಲಾಗದೆ ಟೇಬಲ್ ಊದಿಕೊಳ್ಳಬಹುದು. ಮೊದಲನೆಯದು ‘ಕೆಲಸವಿಲ್ಲದೆ ಕಾಯುತ್ತಿದೆ’, ಎರಡನೆಯದು ‘ವಹಿವಾಟನ್ನು ಅರ್ಧಕ್ಕೆ ಬಿಟ್ಟು ಕೂತಿದೆ’. ಓದಿದ ಕೂಡಲೇ ಯಾವುದಕ್ಕೆ ಫೋನ್ ಮಾಡಬೇಕು ಅಂತ ತಿಳಿಯುತ್ತದೆ.

ಇನ್ನೊಂದು. ಲೋಡ್ ಆವರೇಜ್‌ಗೆ (ಓಡುತ್ತಿರುವ, ಸರದಿಯಲ್ಲಿ ಕಾಯುತ್ತಿರುವ ಪ್ರೊಸೆಸ್‌ಗಳ ಸರಾಸರಿ ಲೆಕ್ಕಕ್ಕೆ) ‘ಸಿಪಿಯು ಹೊರೆ’ ಅಂತ ಹಾಳೆಯಲ್ಲಿದ್ದರೆ ಅಳಿಸಿ. ಲಿನಕ್ಸಿನಲ್ಲಿ ಡಿಸ್ಕಿಗಾಗಿ ಕಾದು ನಿಂತ ಪ್ರೊಸೆಸ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಸಿಪಿಯು ಆರಾಮಾಗಿದ್ದರೂ ಅದು ಏರಬಹುದು. ಬರೀ ‘ಹೊರೆ’ ಸಾಕು.

— ಬೆಂಗಳೂರು

ಮರು: ಪದ ಬೇಕು

ಬೆಂಗಳೂರಿನ ಸರ್, ಇದೇ ಬೇಕಿತ್ತು. ‘ಸಿಪಿಯು ಹೊರೆ’ ಇತ್ತು, ಅಳಿಸಿದೆ.

ಇಂಟರ್‌ಫೇಸಿಗೆ ‘ಕಿಂಡಿ’ ಹೇಗೆ? ಉಡುಪಿಯ ಕನಕನ ಕಿಂಡಿ ಎಲ್ಲರಿಗೂ ಗೊತ್ತು. ಹೊರಗೆ ನಿಂತೇ ಒಳಗಿನದು ಕಾಣಬೇಕು. /ಪ್ರಾಕ್ ಒಂದು ಕಿಂಡಿ, ಡಬ್ಲ್ಯುಎಂಐ ಇನ್ನೊಂದು.

— ಶಿವಮೊಗ್ಗ

ಮರು: ಪದ ಬೇಕು

ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ. ವಿಂಡೋಸ್ 2000ದಿಂದ ಡಬ್ಲ್ಯುಎಂಐ ಜೊತೆಗೇ ಬರುತ್ತದೆ. ಅದರಲ್ಲಿ ನೋಡುವುದು ಮಾತ್ರ ಅಲ್ಲ, ಹಕ್ಕು ಇದ್ದರೆ ಸರ್ವೀಸನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮನ್ನು) ನಿಲ್ಲಿಸಲೂಬಹುದು. ಕಿಂಡಿಯಲ್ಲಿ ಕೈ ಹಾಕಲು ಆಗುವುದಿಲ್ಲ ಅಲ್ವಾ. ಹುಡುಗರಿಗೆ ನೋಡುವ ಹಕ್ಕು ಮಾತ್ರ ಕೊಡುತ್ತೀರಾದರೆ ಸರಿ, ಧೈರ್ಯವಾಗಿ ಹಾಕಿ. ಕೈಪಿಡಿ ಬರೆಯುವವರು ಅದನ್ನು ಎತ್ತಿಕೊಳ್ಳಬೇಡಿ.

ಅಲ್ಲೇ ಇನ್ನೊಂದು ಎಚ್ಚರ ಹೇಳಿಬಿಡುತ್ತೇನೆ. ಡಬ್ಲ್ಯುಎಂಐ ಕೇಳಿದರೆ ಎಸ್‌ಕ್ಯುಎಲ್ ಸರ್ವರಿನ ಸರ್ವೀಸ್ ‘ರನ್ನಿಂಗ್’ ಅನ್ನುತ್ತದೆ. ಅದರ ಅರ್ಥ ಸರ್ವೀಸ್ ಎದ್ದಿದೆ ಅಂತ ಅಷ್ಟೇ. ಯಾವುದೋ ಲಾಕಿಗೆ ಸಿಕ್ಕಿ ಕೌಂಟರಿನಲ್ಲಿ ಒಂದು ರಸೀದಿಯೂ ಬರದಿದ್ದರೂ ಇದು ರನ್ನಿಂಗ್ ಅಂತಲೇ ಇರುತ್ತದೆ. ಆದ್ದರಿಂದ ‘ಸರಿಯಾಗಿ ನಡೆಯುತ್ತಿದೆ’ ಅಂತ ಬರೆಯಬೇಡಿ. ‘ಸರ್ವೀಸ್ ಎದ್ದಿದೆ’ ಅಂತ ಬರೆಯಿರಿ. ಉತ್ತರ ಕೊಡುತ್ತಿದೆಯಾ ಅನ್ನುವುದನ್ನು ಬೇರೆಯಾಗಿಯೇ ನೋಡಬೇಕು, ಅದಕ್ಕೆ ಹಾಳೆಯಲ್ಲಿ ಬೇರೆ ಸಾಲು ಕೊಡಿ.

— ಬೆಂಗಳೂರು

ಮರು: ಪದ ಬೇಕು

ಕಿಂಡಿಗೆ ನನ್ನ ಪೂರ್ತಿ ಒಪ್ಪಿಗೆ. ನಡುಮೊಗಕ್ಕಿಂತ ಒಳ್ಳೆಯದು. ನಿಗಾಕ್ಕೆ ಒಪ್ಪಿಗೆ ಇಲ್ಲ, ಇದನ್ನು ಬರೆದಿಟ್ಟುಕೊಳ್ಳಿ. ಇನ್ನು ‘ಖಾಲಿ’ ಅರಬಿ. ‘ಬರಿದು’ ಹಾಕಿ.

— ಧಾರವಾಡ

ಮರು: ಪದ ಬೇಕು

ಸರ್, ನಿಮ್ಮ ಮಾತಿನ ಮೇಲೆ ‘ಬರಿದು ಮೆಮೊರಿ’ ಅಂತ ಬರೆದು ಪಾಳಿಯ ಹುಡುಗನಿಗೆ ತೋರಿಸಿದೆ. ‘ಬರೀ ಮೆಮೊರಿ’ ಅಂತ ಓದಿ, ಬೇರೇನೂ ನೋಡಬೇಕಿಲ್ಲವಾ ಅಂತ ಕೇಳಿದ. ಖಾಲಿಯನ್ನೇ ಉಳಿಸಿದ್ದೇನೆ.

ತಲೆಬರಹ ‘ಓಎಸ್ ಕಿಂಡಿಯಿಂದ ಡೇಟಾಬೇಸ್ ಸರ್ವರಿನ ಮೇಲೆ ನಿಗಾ’. ಹುಡುಗರಿಗೆ ನೋಡುವ ಹಕ್ಕು ಮಾತ್ರ ಇದೆ, ಖಚಿತ ಮಾಡಿಕೊಂಡೆ. ಉಳಿದದ್ದು ಬೆಂಗಳೂರಿನ ಸರ್ ಹೇಳಿದ ಹಾಗೆ. ಮೈಸೂರಿನ ಮೇಡಂ, ದತ್ತ ಎಲ್ಲೂ ಇಲ್ಲ, ಕ್ಷಮಿಸಿ. ‘ಥ್ರೆಶೋಲ್ಡ್’ (ಲೆಕ್ಕ ಇದನ್ನು ದಾಟಿದರೆ ಎಚ್ಚರಿಸಬೇಕು ಅನ್ನುವ ಗಡಿ) ಒಂದು ಉಳಿದಿದೆ. ‘ಮಿತಿ’ ಅಂತ ಹಾಕಿದ್ದೇನೆ, ಯಾರಿಗಾದರೂ ತಕರಾರಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.

— ಶಿವಮೊಗ್ಗ